‘ಏನಿಲ್ಲ ಡಾಕ್ಟ್ರೇ’ ಅಂದವರ ಮಾತಲ್ಲಿ ಯಂತ್ರಕ್ಕೆ ಏನು ಕೇಳಿಸುತ್ತದೆ?

ಎಮರ್ಜೆನ್ಸಿಗೆ ಹೋದರೆ ಎದೆನೋವಿಗೆ ಇಸಿಜಿ ಮಾಡುತ್ತಾರೆ. ಕಾಲು ಉಳುಕಿದರೆ ಎಕ್ಸ್‌ರೇ. ಜ್ವರ ಬಿಡದಿದ್ದರೆ ರಕ್ತ ತೆಗೆಯುತ್ತಾರೆ. ರೋಗಿ ಏನೇ ಹೇಳಲಿ, ಕೊನೆಗೆ ಕಾಗದದ ಮೇಲೊಂದು ಗೆರೆಯೋ ಅಂಕಿಯೋ ಬರುತ್ತದೆ. ಡಾಕ್ಟರು ಅದನ್ನು ನೋಡಿ ಮುಂದಿನ ಮಾತಾಡುತ್ತಾರೆ. ‘ಸಾಯಬೇಕು ಅಂತ ಅನ್ನಿಸಿತ್ತಾ?’ ಅನ್ನುವ ಪ್ರಶ್ನೆಗೆ ಮಾತ್ರ ಇಂಥ ಟೆಸ್ಟು ಯಾವುದೂ ಇಲ್ಲ. ರೋಗಿಯ ಬಾಯಿಂದ ಬಂದದ್ದೇ ರಿಪೋರ್ಟು. ಹಾಸಿಗೆಯ ಈ ಕಡೆ ಅಮ್ಮ, ಆ ಕಡೆ ಭಾವ, ಪರದೆಯ ಆಚೆ ಇನ್ಯಾರದೋ ನರಳಾಟ. ಅಂಥ ಜಾಗದಲ್ಲಿ ಬರುವ ಉತ್ತರ ಗೊತ್ತಲ್ಲ: ‘ಏನಿಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ.’

ಈ ‘ಏನಿಲ್ಲ’ವನ್ನು ಎಷ್ಟು ನಂಬಬಹುದು? ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ 76 ಮಂದಿಯ ಆಸ್ಪತ್ರೆ ಕಡತಗಳನ್ನು ತೆಗೆದು ನೋಡಿತು. ಇವರೆಲ್ಲ ಆಸ್ಪತ್ರೆಯಲ್ಲಿದ್ದಾಗಲೇ, ಇಲ್ಲವೇ ಮನೆಗೆ ಹೋದ ಬೆನ್ನಿಗೇ ಆತ್ಮಹತ್ಯೆ ಮಾಡಿಕೊಂಡವರು. ಕೊನೆಯ ಸಲ ಆಡಿದ ಮಾತಿನಲ್ಲಿ ಇವರಲ್ಲಿ ಶೇ 78ರಷ್ಟು ಜನ ‘ಅಂಥ ಯೋಚನೆ ಇಲ್ಲ’ ಎಂದೇ ಹೇಳಿದ್ದರು. ಎಲ್ಲರೂ ಸುಳ್ಳು ಹೇಳಿದರು ಅಂತ ಅಲ್ಲ. ಕೇಳಿದ ಹೊತ್ತಿಗೆ ಮನಸ್ಸು ಸ್ವಲ್ಪ ಹಗುರಾಗಿದ್ದಿರಬಹುದು. ಹೇಳಿದರೆ ಒಳಗೇ ಹಾಕಿಕೊಳ್ಳುತ್ತಾರೆ ಅನ್ನುವ ಭಯ ಇದ್ದಿರಬಹುದು. ಎಷ್ಟೋ ಸಲ ಹೇಳಿಕೊಳ್ಳಲು ಮಾತೇ ಸಿಗುವುದಿಲ್ಲ.

ಹಾಗಾದರೆ ಬೇರೆ ಸುಳಿವುಗಳಿಂದ ಊಹಿಸಬಹುದಾ? ಹಿಂದೆ ಪ್ರಯತ್ನಿಸಿದ್ದಾರಾ, ಖಿನ್ನತೆ ಇದೆಯಾ, ಕುಡಿತ ಇದೆಯಾ, ಮನೆಯಲ್ಲಿ ಇನ್ಯಾರಾದರೂ ಹೀಗೆ ಹೋಗಿದ್ದಾರಾ? ಇಂಥ ಅಪಾಯದ ಗುರುತುಗಳ ಬಗ್ಗೆ 50 ವರ್ಷಗಳಲ್ಲಿ ಬಂದ 365 ಅಧ್ಯಯನಗಳನ್ನು 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಇವುಗಳಿಂದ ಮುಂದಾಗುವುದನ್ನು ಊಹಿಸುವುದು ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಚೂರೇ ಚೂರು ಮೇಲು ಎಂದು ತಿಳಿಯಿತು. ಐವತ್ತು ವರ್ಷದಲ್ಲಿ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಸುಧಾರಣೆಯೂ ಆಗಿರಲಿಲ್ಲ.

ಇಲ್ಲಿಂದ ಕೆಲವರು ಬೇರೆ ದಾರಿ ಹಿಡಿದರು. ರೋಗಿ ಏನು ಹೇಳುತ್ತಾರೆ ಅನ್ನುವುದರ ಜತೆಗೆ ಹೇಗೆ ಹೇಳುತ್ತಾರೆ ಅನ್ನುವುದನ್ನೂ ಎಣಿಸಿ ನೋಡಿದರೆ? ಈ ದಾರಿಯಲ್ಲಿ ಜಾಸ್ತಿ ದೂರ ನಡೆದವರಲ್ಲಿ ಒಬ್ಬರು ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಜಾನ್ ಪೆಸ್ಟಿಯನ್. ಅವರ ಕೆಲಸವನ್ನೇ ಹಿಡಿದುಕೊಂಡು ಈ ವಿಷಯ ಬಿಡಿಸಿ ನೋಡೋಣ.

(ಅದಕ್ಕೂ ಮೊದಲು ಒಂದು ಮಾತು. ಓದುತ್ತಿರುವ ನಿಮಗೋ ನಿಮ್ಮವರಿಗೋ ಇಂಥ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅಮೆರಿಕದಲ್ಲಿರುವವರಿಗೆ 988.)

ಮೊದಲು ಸಿಕ್ಕಿದ್ದು ಚೀಟಿಗಳು

ಕಥೆ ಶುರುವಾಗುವುದು ಕಂಪ್ಯೂಟರಿನಿಂದ ಅಲ್ಲ, ಲಾಸ್ ಏಂಜಲೀಸಿನ ಒಂದು ಸರ್ಕಾರಿ ಕಚೇರಿಯಿಂದ. 1949ರಲ್ಲಿ ಎಡ್ವಿನ್ ಶ್ನೈಡ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಅಲ್ಲಿನ ಕೊರೋನರ್ ಕಚೇರಿಗೆ, ಅಂದರೆ ಅಸಹಜ ಸಾವುಗಳ ತನಿಖೆ ನಡೆಸುವ ಕಚೇರಿಗೆ, ಬೇರೇನೋ ಕೆಲಸಕ್ಕೆ ಹೋಗಿದ್ದರು. ಹಳೆಯ ಕಡತಗಳ ನಡುವೆ ನೂರಾರು ಚೀಟಿಗಳು ಸಿಕ್ಕವು. ಸಾಯುವ ಮುಂಚೆ ಜನ ಬರೆದಿಟ್ಟುಹೋದ ಚೀಟಿಗಳು. ಬೇರೆಯವರಾಗಿದ್ದರೆ ಓದಿ, ಕಣ್ಣೊರೆಸಿಕೊಂಡು ಎದ್ದುಹೋಗುತ್ತಿದ್ದರೇನೋ. ಶ್ನೈಡ್‌ಮನ್ ತಮ್ಮ ಜತೆಗಾರ ನಾರ್ಮನ್ ಫಾರ್ಬರೋ ಸೇರಿಕೊಂಡು ಇನ್ನೊಂದು ಕಂತೆ ತಯಾರು ಮಾಡಿಸಿದರು. ಅದೇ ವಯಸ್ಸಿನ, ಅದೇ ಬಗೆಯ ಉದ್ಯೋಗದ, ಆದರೆ ಸಾಯುವ ಯೋಚನೆಯೇ ಇಲ್ಲದ ಗಂಡಸರಿಂದ ‘ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ’ ಎಂದು ಕೇಳಿ ಬರೆಸಿದ ಚೀಟಿಗಳು. 33 ನಿಜವಾದವು, 33 ನಟಿಸಿ ಬರೆದವು. ಈ ಜೋಡಿಗಳು 1957ರಲ್ಲಿ ಅಚ್ಚಾದವು.

ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಅಚ್ಚರಿಯೊಂದು ಕಾಣಿಸಿತು. ನಟಿಸಿ ಬರೆದವರು ಬದುಕು, ಸಾವು ಅಂತ ದೊಡ್ಡ ದೊಡ್ಡ ಮಾತು ಬರೆದಿದ್ದರು. ನಿಜವಾದ ಚೀಟಿಗಳಲ್ಲಿ ಮನೆಯವರ ಹೆಸರು, ಊರು, ವಸ್ತು, ಯಾರು ಯಾವ ಕೆಲಸ ಮುಗಿಸಬೇಕು ಅನ್ನುವ ಸಣ್ಣಪುಟ್ಟ ಸೂಚನೆ ಜಾಸ್ತಿ ಇದ್ದವು. ತತ್ವಜ್ಞಾನ ಬರೆಯುವುದಕ್ಕೂ ಮನಸ್ಸಿನಲ್ಲಿ ಒಂದಿಷ್ಟು ಜಾಗ ಬೇಕು ಅನ್ನಿಸುತ್ತದೆ ನನಗೆ. ಆ ಜಾಗ ಅವರಿಗೆ ಉಳಿದಿರಲಿಲ್ಲ.

ಅರ್ಧ ಶತಮಾನ ದಾಟಿದ ಮೇಲೆ ಪೆಸ್ಟಿಯನ್ ತಂಡ ಇದೇ 66 ಚೀಟಿಗಳನ್ನು ಕೈಗೆತ್ತಿಕೊಂಡಿತು. ಯಾವುದು ನಿಜ, ಯಾವುದು ನಟನೆ ಎಂದು ಮನೋವೈದ್ಯಕೀಯ ಕಲಿಯುತ್ತಿರುವವರಿಗೆ ಕೇಳಿದರು. ನೂರಕ್ಕೆ 49 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ. ಪಳಗಿದ ತಜ್ಞರಿಗೆ ಕೇಳಿದರು. 63. ಕಂಪ್ಯೂಟರಿಗೆ ಕಲಿಸಿ ಕೇಳಿದರು. 78. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ತಜ್ಞರು ಚೀಟಿಯ ಭಾವ ಹಿಡಿಯಲು ನೋಡುತ್ತಾರೆ. ಭಾವವನ್ನು ನಟಿಸಬಹುದು. ಕಂಪ್ಯೂಟರಿಗೆ ಭಾವ ಗೊತ್ತಿಲ್ಲ. ಪದ ಎಷ್ಟು, ವಾಕ್ಯ ಎಷ್ಟುದ್ದ, ನಾಮಪದ ಎಷ್ಟು, ಕ್ರಿಯಾಪದ ಎಷ್ಟು ಅಂತ ಎಣಿಸಿದೆ ಅಷ್ಟೇ. ಬರೆಯುವಾಗ ಯಾರೂ ಕಾವಲು ಕಾಯದ ಕಡೆ ಅದು ನೋಡಿದೆ.

ಮುಂದೆ ಇದೇ ತಂಡ 1950ರಿಂದ 2011ರವರೆಗಿನ 1,319 ಚೀಟಿಗಳನ್ನು ಸೇರಿಸಿತು. ಅವುಗಳಲ್ಲಿ ಯಾವ ವಾಕ್ಯ ಸಿಟ್ಟು, ಯಾವುದು ಪ್ರೀತಿ, ಯಾವುದು ಹತಾಶೆ, ಯಾವುದು ಸುಮ್ನೆ ಸೂಚನೆ ಎಂದು ಗುರುತು ಹಾಕುವವರು ಬೇಕಿತ್ತು. ಈ ಕೆಲಸಕ್ಕೆ ಮುಂದೆ ಬಂದವರು ಯಾರು ಗೊತ್ತೇ? ತಮ್ಮವರನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರು. 160ಕ್ಕೂ ಹೆಚ್ಚು ಜನ. ಸಂಬಳವಿಲ್ಲದೆ, ತಮ್ಮ ಮನೆಯಲ್ಲೇ ಕೂತು, ಬೇರೆಯವರ ಮನೆಯ ಕೊನೆಯ ಚೀಟಿಗಳನ್ನು ಸಾಲು ಸಾಲಾಗಿ ಓದಿ ಗುರುತು ಹಾಕಿದರು. ಈ ಕ್ಷೇತ್ರದಲ್ಲಿ ‘ಡೇಟಾ’ ಅಂದಾಗಲೆಲ್ಲ ನನಗೆ ಇವರೇ ನೆನಪಾಗುತ್ತಾರೆ.

ಆದರೆ ಚೀಟಿ ಸಿಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಬದುಕಿರುವಾಗಲೇ ಕೇಳಬೇಕು.

ಐದು ಪ್ರಶ್ನೆ, ಒಂದು ರೆಕಾರ್ಡರ್

ಸಿನ್ಸಿನಾಟಿ ಆಸ್ಪತ್ರೆಯ ಎಮರ್ಜೆನ್ಸಿಗೆ ಬಂದ ಹದಿಹರೆಯದವರ ಜತೆ ಮಾತುಕತೆ ಶುರುವಾಯಿತು. 30 ಮಂದಿ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನದಿಂದ ಬಂದವರು. ಇನ್ನು 30 ಮಂದಿ ಬೇರೆ ಕಾರಣಕ್ಕೆ ಬಂದ, ಹೆಚ್ಚುಕಮ್ಮಿ ಅವರದೇ ವಯಸ್ಸಿನವರು. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳು. ನಿನಗೆ ಭರವಸೆ ಇದೆಯಾ? ಹೇಳಿಕೊಳ್ಳದ ಗುಟ್ಟು ಇದೆಯಾ? ಸಿಟ್ಟು ಇದೆಯಾ? ಭಯ ಇದೆಯಾ? ಮನಸ್ಸಿನ ಒಳಗೆ ನೋವಿದೆಯಾ? ಅಷ್ಟೇ. ಹೌದು, ಇಲ್ಲ ಎಂದು ಟಿಕ್ ಹಾಕುವ ಫಾರಂ ಅಲ್ಲ. ಹುಡುಗ ಮಾತಾಡಬೇಕು, ಎದುರಿಗಿರುವವರು ಕೇಳಿಸಿಕೊಳ್ಳಬೇಕು, ರೆಕಾರ್ಡರ್ ಓಡುತ್ತಿರಬೇಕು.

ಎದುರಿಗೆ ಕೂತು ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುವುದಿಲ್ಲವಾ ಎಂದು ಬಹಳ ಮಂದಿ ಹೆದರುತ್ತಾರೆ. ಆಗುವುದಿಲ್ಲ. ಇದನ್ನು ಬೇರೆ ಬೇರೆ ಕಡೆ ಪರೀಕ್ಷಿಸಿ ನೋಡಿದ್ದಾರೆ. ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಿದ್ದು ಕಂಡಿಲ್ಲ.

ಈಗ ಹತ್ತಿರದಿಂದ ನೋಡೋಣ. ಕೆಳಗಿನ ಎರಡು ಉತ್ತರ ನಾನೇ ಕಟ್ಟಿದ್ದು, ಯಾವ ರೋಗಿಯದ್ದೂ ಅಲ್ಲ. ಪ್ರಶ್ನೆ ಒಂದೇ: ‘ಭರವಸೆ ಇದೆಯಾ?’

ಒಬ್ಬ ಹೇಳುತ್ತಾನೆ: ‘ಹ್ಞೂಂ, ಇದೆ. ಬರೋ ತಿಂಗಳು ಪ್ಲಾಸ್ಟರ್ ತೆಗೀತಾರೆ, ಆಮೇಲೆ ಟೀಮಿಗೆ ಸೇರ್ಕೋತೀನಿ. ಅಲ್ಲೀವರೆಗೂ ಕೋಚ್ ಹತ್ರ ಬೈಸ್ಕೋಬೇಕು ಅಷ್ಟೇ.’ ಕೊನೆಗೊಂದು ನಗು.

ಇನ್ನೊಬ್ಬ: ‘ಗೊತ್ತಿಲ್ಲ… ಇರ್ಬಹುದು. ನಾನು ಏನ್ ಮಾಡಿದ್ರೂ ಅಷ್ಟೇ ಅಲ್ವಾ… ಯಾರಿಗೂ ಏನೂ ಅನ್ಸಲ್ಲ.’ ಮಾತಿನ ಮಧ್ಯೆ ಎರಡು ಸಲ ದೀರ್ಘ ಮೌನ, ಒಂದು ನಿಟ್ಟುಸಿರು.

ಎರಡನೆಯವನು ಸಾವಿನ ಹೆಸರೇ ಎತ್ತಿಲ್ಲ. ಫಾರಂನಲ್ಲಿ ಇವನ ಉತ್ತರ ‘ಇರ್ಬಹುದು’, ಅಂದರೆ ಹೌದು ಅನ್ನುವ ಖಾನೆಗೆ ಹೋಗಿಬಿಡಬಹುದು. ಯಂತ್ರಕ್ಕೆ ಕಾಣುವುದು ಬೇರೆ. ಮೊದಲ ಉತ್ತರದಲ್ಲಿ ಮುಂದಿನ ತಿಂಗಳು ಇದೆ, ಬೇರೆ ಮನುಷ್ಯರಿದ್ದಾರೆ, ಮಾಡಬೇಕಾದ ಕೆಲಸ ಇದೆ. ಎರಡನೆಯದರಲ್ಲಿ ನಾಳೆ ಇಲ್ಲ, ಯಾರ ಹೆಸರೂ ಇಲ್ಲ. ‘ನಾನು’ ಇದೆ. ‘ಯಾರಿಗೂ’, ‘ಏನೂ’ ಎಂದು ಎಲ್ಲ ಬಾಗಿಲನ್ನೂ ಒಟ್ಟಿಗೆ ಮುಚ್ಚುವ ಪದಗಳಿವೆ.

ಈ ಎರಡು ಗುರುತುಗಳು, ಅಂದರೆ ‘ನಾನು’ ಮತ್ತು ಬಾಗಿಲು ಮುಚ್ಚುವ ಪದ, ಬೇರೆ ಅಧ್ಯಯನಗಳಲ್ಲೂ ಸಿಕ್ಕಿವೆ. 2001ರಲ್ಲಿ ಶಾನನ್ ಸ್ಟರ್ಮನ್ ಮತ್ತು ಜೇಮ್ಸ್ ಪೆನ್ನೆಬೇಕರ್ ಸುಮಾರು 300 ಕವಿತೆಗಳ ಪದ ಎಣಿಸಿದರು. ಆತ್ಮಹತ್ಯೆ ಮಾಡಿಕೊಂಡ ಒಂಬತ್ತು ಕವಿಗಳದ್ದು ಒಂದು ಕಡೆ, ಹಾಗಲ್ಲದ ಒಂಬತ್ತು ಕವಿಗಳದ್ದು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ‘ನಾನು, ನನ್ನ’ ಜಾಸ್ತಿ. 2018ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಇಂಟರ್‌ನೆಟ್ಟಿನ ಚರ್ಚಾಕಟ್ಟೆಗಳಲ್ಲಿ ‘ಯಾವಾಗಲೂ’, ‘ಪೂರ್ತಿ’, ‘ಏನೂ ಇಲ್ಲ’ ಬಗೆಯ ಪದ ಎಣಿಸಿದರು. ಬೇರೆ ಚರ್ಚೆಗಳಿಗೆ ಹೋಲಿಸಿದರೆ ಆತಂಕ, ಖಿನ್ನತೆಯ ಕಟ್ಟೆಗಳಲ್ಲಿ ಅವು ಸುಮಾರು ಶೇ 50ರಷ್ಟು ಹೆಚ್ಚು. ಆತ್ಮಹತ್ಯೆಯ ಯೋಚನೆ ಇರುವವರ ಕಟ್ಟೆಗಳಲ್ಲಿ ಸುಮಾರು ಶೇ 80ರಷ್ಟು ಹೆಚ್ಚು.

ಇದನ್ನು ಓದಿ ಮನೆಯವರ ವಾಟ್ಸಾಪ್ ಮೆಸೇಜುಗಳಲ್ಲಿ ‘ನಾನು’ ಎಷ್ಟು ಸಲ ಬಂತು ಅಂತ ಎಣಿಸಲು ಕೂರಬೇಡಿ. ಇವೆಲ್ಲ ಗುಂಪಿನ ಸರಾಸರಿಗಳು. ಒಬ್ಬ ಮನುಷ್ಯನ ಬಗ್ಗೆ ಒಂದು ಪದ ಏನೂ ಹೇಳುವುದಿಲ್ಲ. ಅದಕ್ಕೇ ಯಂತ್ರ ಒಂದೆರಡು ಪದ ನೋಡಿ ಸುಮ್ಮನಾಗುವುದಿಲ್ಲ. ಒಂಟಿ ಪದ, ಜೋಡಿ ಪದ, ಮೂರು ಪದದ ಸಾಲು ಹೀಗೆ ಸಾವಿರಾರು ಎಣಿಕೆ ಮಾಡುತ್ತದೆ. ಆಮೇಲೆ ದನಿಗೆ ಬರುತ್ತದೆ. ಉತ್ತರ ಶುರುವಾಗಲು ಎಷ್ಟು ಹೊತ್ತು ಹಿಡಿಯಿತು, ಮೌನ ಎಷ್ಟುದ್ದ, ದನಿಯ ಏರಿಳಿತ ಎಷ್ಟು. 2013ರಲ್ಲಿ 16 ಹುಡುಗ ಹುಡುಗಿಯರ ರೆಕಾರ್ಡಿಂಗ್ ಹೋಲಿಸಿ ನೋಡಿದಾಗ, ಆತ್ಮಹತ್ಯೆಯ ಯೋಚನೆ ಇದ್ದವರ ದನಿಯಲ್ಲಿ ಗಾಳಿ ಹೆಚ್ಚು ಬೆರೆತಿತ್ತು. ಮಾತು ಪಿಸುಮಾತಿನ ಕಡೆ ವಾಲುತ್ತದಲ್ಲ, ಹಾಗೆ.

ಇಷ್ಟೆಲ್ಲ ಅಂಕಿ ಸೇರಿಸಿ ಯಂತ್ರ ಮಾಡುವುದೇನು? ಅಂಗಳದಲ್ಲಿ ಒಂದು ಕಡೆ ಕಡಲೆಕಾಳು, ಇನ್ನೊಂದು ಕಡೆ ಹೆಸರುಕಾಳು ಚೆಲ್ಲಿದೆ ಅಂದುಕೊಳ್ಳಿ. ನಡುವೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಬೇಕು. ಹೇಗೆ ಬೇಕಾದರೂ ಎಳೆಯಬಹುದು. ಆದರೆ ಎರಡೂ ಕಡೆಯ ಹತ್ತಿರದ ಕಾಳಿನಿಂದ ಆದಷ್ಟು ದೂರ ಇರುವ ಗೆರೆ ಒಂದೇ. ಅದನ್ನು ಹುಡುಕುವ ಲೆಕ್ಕಕ್ಕೆ ಸಪೋರ್ಟ್ ವೆಕ್ಟರ್ ಮಷೀನ್ ಎಂಬ ದೊಡ್ಡ ಹೆಸರಿದೆ. ಇಲ್ಲಿ ಒಂದೊಂದು ಕಾಳೂ ಒಬ್ಬೊಬ್ಬ ರೋಗಿಯ ಮಾತುಕತೆ. ಅಂಗಳಕ್ಕೆ ಎರಡೇ ದಿಕ್ಕಲ್ಲ, ಎಣಿಕೆಗೊಂದರಂತೆ ಸಾವಿರಾರು ದಿಕ್ಕು. ಹೊಸ ರೋಗಿ ಬಂದಾಗ ಅವರ ಕಾಳು ಗೆರೆಯ ಯಾವ ಕಡೆ ಬಿತ್ತು, ಎಷ್ಟು ದೂರ ಬಿತ್ತು ಎಂದು ನೋಡುವುದು, ಅಷ್ಟೇ. ಮನಸ್ಸು ಓದುವ ಮಾತು ಇಲ್ಲೆಲ್ಲೂ ಬರುವುದಿಲ್ಲ.

2013ರ ಅಕ್ಟೋಬರಿನಿಂದ 2015ರ ಮಾರ್ಚ್‌ವರೆಗೆ ಈ ಪ್ರಯೋಗ ದೊಡ್ಡದಾಯಿತು. ಸಿನ್ಸಿನಾಟಿಯ ಎರಡು ಆಸ್ಪತ್ರೆ, ಪಶ್ಚಿಮ ವರ್ಜೀನಿಯಾದ ಒಂದು ಆಸ್ಪತ್ರೆ. ಒಟ್ಟು 379 ರೋಗಿಗಳು, ದೊಡ್ಡವರೂ ಸೇರಿ. ಈ ಸಲ ಗುಂಪು ಮೂರು: ಆತ್ಮಹತ್ಯೆಯ ಯೋಚನೆ ಇರುವವರು, ಮಾನಸಿಕ ಕಾಯಿಲೆ ಇದ್ದೂ ಅಂಥ ಯೋಚನೆ ಇಲ್ಲದವರು, ಎರಡೂ ಇಲ್ಲದವರು. ಪದ ಮತ್ತು ದನಿ ಎರಡನ್ನೂ ಸೇರಿಸಿದಾಗ ಮೊದಲ ಗುಂಪನ್ನು ಬೇರೆ ಮಾಡುವುದರಲ್ಲಿ ಶೇ 93ರವರೆಗೆ ಸರಿ ಬಂತು. ಮೂರನ್ನೂ ಬೇರೆ ಬೇರೆ ಮಾಡುವುದರಲ್ಲಿ ಶೇ 85. ಎರಡೂ ತೊಂದರೆ ಇಲ್ಲದವರು ಜಾಸ್ತಿ ನಕ್ಕಿದ್ದರು, ಕಡಿಮೆ ನಿಟ್ಟುಸಿರು ಬಿಟ್ಟಿದ್ದರು. ರಕ್ತದಲ್ಲಿ ಕಾಯಿಲೆಯ ಗುರುತು ಸಿಗುವ ಹಾಗೆ ಮಾತಿನಲ್ಲಿ ಸಿಗುವ ಇವನ್ನು ಪೆಸ್ಟಿಯನ್ ‘ಯೋಚನೆಯ ಗುರುತುಗಳು’ ಎಂದು ಕರೆದರು.

ನೂರಕ್ಕೆ 93 ಅಂದರೆ ಖುಷಿ ಪಡಬೇಕಾ?

ಪತ್ರಿಕೆಗಳಲ್ಲಿ ಬಂದದ್ದು ಈ 93. ನನಗೆ ಇಲ್ಲಿ ಎರಡು ತಕರಾರಿದೆ.

ಮೊದಲನೆಯದು. ಆ ರೋಗಿಗಳು ಯಾಕೆ ಬಂದಿದ್ದಾರೆ ಅನ್ನುವುದು ಮೊದಲೇ ಗೊತ್ತಿತ್ತು. ಗುಂಪು ಮಾಡಿಟ್ಟಿದ್ದರು, ಯಂತ್ರ ಆ ಗುಂಪನ್ನು ಮತ್ತೆ ಗುರುತಿಸಿತು. ಇಂದು ಯಾರು ನೋವಿನಲ್ಲಿದ್ದಾರೆ ಅನ್ನುವುದು ಒಂದು ಪ್ರಶ್ನೆ. ಮುಂದಿನ ತಿಂಗಳು ಯಾರು ಏನು ಮಾಡಿಕೊಳ್ಳುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ. 379 ಜನರ ಅಧ್ಯಯನ ಉತ್ತರಿಸಿದ್ದು ಮೊದಲನೆಯದಕ್ಕೆ. ಸುದ್ದಿಯ ತಲೆಬರಹಗಳಲ್ಲಿ ‘ಆತ್ಮಹತ್ಯೆ ಮೊದಲೇ ಹೇಳುವ ಯಂತ್ರ’ ಅಂತ ಬಂದರೆ ನಂಬಬೇಡಿ. ಅದಲ್ಲದೆ, ತಾನೇ ಮುಂದೆ ಬಂದು ತನ್ನ ಕಷ್ಟ ಹೇಳಿಕೊಂಡವರ ಮಾತಿನಿಂದ ಯಂತ್ರ ಕಲಿತಿದೆ. ‘ಏನಿಲ್ಲ’ ಎಂದು ಮುಚ್ಚಿಟ್ಟವರ ಮಾತೂ ಹಾಗೇ ಇರುತ್ತದಾ? ನಮಗೆ ಬೇಕಾಗಿದ್ದದ್ದು ಅವರೇ ತಾನೇ.

ಎರಡನೆಯದು ಬರೀ ಅಂಕಗಣಿತ. ಎಮರ್ಜೆನ್ಸಿಗೆ ಬರುವ ಎಲ್ಲರಿಗೂ ಈ ಯಂತ್ರ ಹಚ್ಚಿದೆವು ಅಂತಿಟ್ಟುಕೊಳ್ಳೋಣ. 1000 ಜನ ಬಂದರು. ಅವರಲ್ಲಿ ನಿಜವಾಗಿ ಅಪಾಯದಲ್ಲಿರುವವರು 20 ಎಂದುಕೊಳ್ಳಿ. ಯಂತ್ರ ಎರಡೂ ಕಡೆ ನೂರಕ್ಕೆ 90 ಸರಿ. 20ರಲ್ಲಿ 18 ಮಂದಿಯನ್ನು ಹಿಡಿಯಿತು, ಇಬ್ಬರು ತಪ್ಪಿಹೋದರು. ಉಳಿದ 980ರಲ್ಲಿ ನೂರಕ್ಕೆ ಹತ್ತರಂತೆ 98 ಮಂದಿಗೆ ಸುಳ್ಳು ಗಂಟೆ ಬಾರಿಸಿತು. ಒಟ್ಟು 116 ಗಂಟೆ, ನಿಜವಾದದ್ದು 18. ಅಂದರೆ ಹೆಚ್ಚುಕಮ್ಮಿ ಆರು ಸಲ ಗಂಟೆ ಹೊಡೆದರೆ ಒಂದು ಸಲ ನಿಜ. ಯಂತ್ರ ಕೆಟ್ಟದ್ದೇನಲ್ಲ. ಹುಡುಕುವ ವಸ್ತು ವಿರಳವಾದಾಗ ಲೆಕ್ಕವೇ ಹೀಗಾಗುತ್ತದೆ.

ಆ 98 ಜನರನ್ನು ಏನು ಮಾಡುವುದು? ಅವರ ಜತೆ ಒಬ್ಬ ಆಪ್ತ ಸಮಾಲೋಚಕ ಅರ್ಧ ಗಂಟೆ ಕೂತು ಮಾತಾಡುವುದಾದರೆ ನಷ್ಟವೇನಿಲ್ಲ. ಬದಲಿಗೆ ಕಡತದ ಮೇಲೆ ಕೆಂಪು ಮುದ್ರೆ ಬಿದ್ದು, ಬಾಗಿಲಲ್ಲಿ ಸೆಕ್ಯೂರಿಟಿ ನಿಂತು, ಮನೆಯವರಿಗೆ ಗಾಬರಿಯ ಫೋನ್ ಹೋಗುವುದಾದರೆ, ಮುಂದಿನ ಸಲ ಅವರಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಯಂತ್ರ ಎಷ್ಟು ಚುರುಕು ಅನ್ನುವುದಕ್ಕಿಂತ ಗಂಟೆ ಹೊಡೆದ ಮೇಲೆ ಏನಾಗುತ್ತದೆ ಅನ್ನುವುದೇ ಇಲ್ಲಿ ದೊಡ್ಡದು.

ಇದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದ ಎಂಟು ಎಮರ್ಜೆನ್ಸಿ ವಿಭಾಗಗಳಲ್ಲಿ, ಆಗಲೇ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಇದ್ದ 1,376 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಎಂದಿನಂತೆ ನೋಡಿಕೊಂಡವರಲ್ಲಿ ವರ್ಷದೊಳಗೆ ಶೇ 22.9 ಮಂದಿ ಆತ್ಮಹತ್ಯೆಗೆ ಪ್ರಯತ್ನಿಸಿದರು. ಬಂದವರಿಗೆಲ್ಲ ಪ್ರಶ್ನೆ ಕೇಳುವುದನ್ನಷ್ಟೇ ಶುರುಮಾಡಿದಾಗ ಅದು ಶೇ 21.5. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಪ್ರಶ್ನೆಯ ಜತೆಗೆ ಸುರಕ್ಷತೆಯ ಯೋಜನೆಯೊಂದನ್ನು, ಅಂದರೆ ಮತ್ತೆ ಅಂಥ ಯೋಚನೆ ಬಂದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು ಅನ್ನುವುದನ್ನು, ಬರೆಸಿ, ಮನೆಗೆ ಹೋದ ಮೇಲೂ ವರ್ಷದಲ್ಲಿ ಏಳು ಸಲದವರೆಗೆ ಫೋನ್ ಮಾಡಿ ವಿಚಾರಿಸಿಕೊಂಡಾಗ ಶೇ 18.3ಕ್ಕೆ ಇಳಿಯಿತು. ಬರೀ ಪತ್ತೆ ಹಚ್ಚಿದ್ದರಿಂದ ಇಳಿಯಲಿಲ್ಲ, ಯೋಜನೆ ಬರೆಸಿ ‘ಹೇಗಿದ್ದೀರಾ’ ಎಂದು ಮತ್ತೆ ಮತ್ತೆ ಕೇಳಿದಾಗ ಇಳಿಯಿತು.

ಒಪ್ಪಿಗೆಯ ಮಾತೂ ಇದೆ. 2014ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸಮಾರಿಟನ್ಸ್ ಎಂಬ ಸೇವಾಸಂಸ್ಥೆ, ಟ್ವಿಟರಿನಲ್ಲಿ ಯಾರಾದರೂ ನೋವಿನ ಮಾತು ಬರೆದರೆ ಅವರನ್ನು ಹಿಂಬಾಲಿಸುವವರಿಗೆ ತಿಳಿಸುವ ಆ್ಯಪ್ ಬಿಟ್ಟಿತು. ಬರೆದವರಿಗೆ ತಮ್ಮ ಮಾತನ್ನು ಯಾರೋ ಜಾಲಾಡುತ್ತಿರುವುದೇ ತಿಳಿಯುತ್ತಿರಲಿಲ್ಲ. ಸ್ನೇಹಿತನಿಗೆ ಹೋಗುವ ಸುದ್ದಿ ಕಾಟ ಕೊಡುವವನಿಗೂ ಹೋಗುತ್ತದಲ್ಲ? ಗಲಾಟೆಯಾಗಿ ಹತ್ತು ದಿನದೊಳಗೆ ಆ್ಯಪ್ ನಿಂತಿತು. ಉದ್ದೇಶ ಒಳ್ಳೆಯದೇ ಇತ್ತು. ಎಮರ್ಜೆನ್ಸಿಯ ರೆಕಾರ್ಡರಿಗೂ ಈ ಮಾತು ಅನ್ವಯಿಸುತ್ತದೆ. ರೆಕಾರ್ಡ್ ಆಗುತ್ತಿದೆ, ಯಾಕೆ ಆಗುತ್ತಿದೆ, ಯಾರು ಕೇಳುತ್ತಾರೆ, ಬೇಡ ಅನ್ನಬಹುದು. ಇಷ್ಟನ್ನೂ ಮೊದಲೇ ಹೇಳಬೇಕು.

ಇದೇ ಯಂತ್ರಕ್ಕೆ ಕನ್ನಡ ಹಾಕಿದರೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924. ಅವರಲ್ಲಿ 13,606 ಮಂದಿ ಕರ್ನಾಟಕದವರು. ಹಾಗಾಗಿ ‘ಇದು ನಮ್ಮ ಆಸ್ಪತ್ರೆಗಳಿಗೂ ಬರಲಿ’ ಎಂದು ಯಾರಾದರೂ ಹೇಳಿದರೆ ತಪ್ಪಿಲ್ಲ. ಆದರೆ ಇಂಗ್ಲಿಷಿನ ಎಣಿಕೆಯನ್ನು ಹಾಗೇ ತಂದರೆ ಮೊದಲ ವಾಕ್ಯದಲ್ಲೇ ಮುಗ್ಗರಿಸುತ್ತದೆ.

‘ನಾನು’ ಎಣಿಸಬೇಕು ತಾನೇ? ‘ನಿನ್ನೆ ರಾತ್ರಿಯೆಲ್ಲ ಎದ್ದೇ ಇದ್ದೆ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋದೆ, ಅಲ್ಲೂ ಇರಕ್ಕಾಗದೆ ವಾಪಸ್ ಬಂದೆ.’ ಇಲ್ಲಿ ‘ನಾನು’ ಒಂದೂ ಇಲ್ಲ. ಆದರೆ ಇಡೀ ಮಾತು ತನ್ನದೇ. ಇಂಗ್ಲಿಷಿನಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಆ ಪದ ಬರಬೇಕು, ನಮ್ಮಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ಅಡಗಿ ಕೂರುತ್ತದೆ. ಪದ ಎಣಿಸುವ ಯಂತ್ರಕ್ಕೆ ಈ ರೋಗಿ ತನ್ನ ಬಗ್ಗೆ ಏನೂ ಹೇಳಲೇ ಇಲ್ಲ.

ಬಾಗಿಲು ಮುಚ್ಚುವ ಪದಗಳ ಗತಿಯೂ ಅದೇ. ‘ಯಾರು ಬಂದ್ರು?’ ಅನ್ನುವುದಕ್ಕೂ ‘ಯಾರೂ ಬರಲ್ಲ’ ಅನ್ನುವುದಕ್ಕೂ ನಡುವೆ ಇರುವುದು ಒಂದು ದೀರ್ಘ. ‘ಏನು’ ಮತ್ತು ‘ಏನೂ’ ಕೂಡ ಹಾಗೆಯೇ. ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶ ಎಮರ್ಜೆನ್ಸಿಯ ಗದ್ದಲದಲ್ಲಿ ಆ ದೀರ್ಘವನ್ನು ನುಂಗಿದರೆ, ನುಂಗಿದ್ದು ಅದೊಂದನ್ನೇ ಅಲ್ಲ, ಆ ಮನುಷ್ಯನ ಹತಾಶೆಯನ್ನೂ.

ಇನ್ನು ‘ಸಾಕಾಗಿದೆ’. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೂ ಸಾಕಾಗಿದೆ, ಮಗನಿಗೆ ಹೋಂವರ್ಕ್ ಮಾಡಿಸಿದ ತಾಯಿಗೂ ಸಾಕಾಗಿದೆ. ‘ಇವನ ಕಾಟಕ್ಕೆ ಸಾಯೋದೊಂದು ಬಾಕಿ’ ಅಂತ ನಮ್ಮ ಮನೆಗಳಲ್ಲಿ ದಿನಕ್ಕೆಷ್ಟು ಸಲ ಕೇಳುತ್ತೇವೆ. ‘ಕೆಲಸ ಮಾಡಿ ಸತ್ತೋದೆ’ ಅನ್ನುತ್ತೇವೆ, ಆಮೇಲೆ ಕಾಫಿ ಕುಡಿಯುತ್ತೇವೆ. ಸಾವಿನ ಪದ ಸಿಕ್ಕಲ್ಲೆಲ್ಲ ಗಂಟೆ ಹೊಡೆಯುವ ಯಂತ್ರಕ್ಕೆ ಕನ್ನಡಿಗರೆಲ್ಲ ಅಪಾಯದಲ್ಲಿರುವವರೇ. ಇತ್ತ ನಿಜವಾಗಿ ಸೋತವರು ‘ಇದ್ದೇನ್ ಮಾಡ್ಬೇಕು ಬಿಡಿ’ ಎಂದು ಮೆಲ್ಲಗೆ ಹೇಳಿ ಸುಮ್ಮನಾದರೆ ಅಲ್ಲಿ ಎಣಿಸಲು ಒಂದೂ ಹೆದರಿಸುವ ಪದವಿಲ್ಲ.

ಅದೇ ಮಾತು ಬೆಂಗಳೂರಿನಲ್ಲಿ ‘ಸಾಕಾಗಿದೆ’, ಮಂಡ್ಯದಲ್ಲಿ ‘ಸಾಕಾಗೈತೆ’, ಧಾರವಾಡದಲ್ಲಿ ‘ಸಾಕಾಗೇತ್ರಿ’. ನಮಗೆ ಒಂದೇ ಮಾತು, ಯಂತ್ರಕ್ಕೆ ಮೂರು ಬೇರೆ ಪದ. ಮಧ್ಯೆ ‘ಟೆನ್ಷನ್ನು’, ‘ಫುಲ್ ಬೇಜಾರು’ ಬೆರೆತಿರುತ್ತವೆ. ಮನೆಮಾತು ತುಳುವೋ ಉರ್ದುವೋ ಆಗಿದ್ದು, ಡಾಕ್ಟರ ಹತ್ತಿರ ಮಾತ್ರ ಕನ್ನಡ ಆಡುವವರ ಕಥೆ ಬೇರೆ. ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ರೆಕಾರ್ಡ್ ಮಾಡಿಸುತ್ತಿದೆ. ಕಿವಿ ಪಳಗುವುದಕ್ಕೆ ಅದು ನೆರವಾಗಬಹುದು. ಆದರೆ ನೋವಿನಲ್ಲಿರುವವರ ಕನ್ನಡ ಹೇಗಿರುತ್ತದೆ ಅನ್ನುವುದನ್ನು ಅವರನ್ನೇ ಕೇಳಿ ಕಲಿಯಬೇಕು. ಸಿನ್ಸಿನಾಟಿಯವರು 379 ಜನರ ಜತೆ ಕೂತರು. ನಾವೂ ಕೂರಬೇಕು.

ಕೂರುವುದಕ್ಕೆ ನಮ್ಮಲ್ಲೊಂದು ಹಳೆಯ ಅಡ್ಡಿಯಿದೆ, ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್. ಇಂಥ ಕೇಸು ಬಂದರೆ ಪೊಲೀಸರಿಗೆ ತಿಳಿಸುವ ವಾಡಿಕೆ. ಹಾಗಾಗಿ ಮನೆಯವರು ಬಾಗಿಲಲ್ಲೇ ‘ಏನೋ ಗೊತ್ತಿಲ್ಲದೆ ಆಯ್ತು’ ಎಂದು ಕಥೆ ಕಟ್ಟುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಯತ್ನಿಸಿದವರು, ಬೇರೆ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಮೂ ಹೋಯಿತು. ಭಯ ಮಾತ್ರ ಹೋಗಿಲ್ಲ. ಪೊಲೀಸರ ಭಯದಲ್ಲಿ ಆಡಿದ ಮಾತನ್ನು ಎಷ್ಟು ಎಣಿಸಿದರೂ ಸಿಗುವುದು ಪೊಲೀಸರ ಭಯವೇ.

ಆ ಐದು ಪ್ರಶ್ನೆಗಳನ್ನೇ ಕನ್ನಡಕ್ಕೆ ತಿರುಗಿಸಿ ನೋಡಿ. ‘ಭರವಸೆ ಇದೆಯಾ?’ ಅಂದರೆ ಚುನಾವಣಾ ಪ್ರಣಾಳಿಕೆ ಕೇಳಿದಂತಿದೆ. ‘ಗುಟ್ಟು ಇದೆಯಾ?’ ಅಂದರೆ ಹುಡುಗಿ ಅಮ್ಮನ ಮುಖ ನೋಡುತ್ತಾಳೆ. ‘ಮನಸ್ಸಿಗೆ ನೋವಾಗಿದೆಯಾ?’ ಅಂದರೆ ‘ಯಾರೂ ಏನೂ ಅಂದಿಲ್ಲ’ ಎಂದು ಉತ್ತರ ಬರುತ್ತದೆ, ಯಾಕೆಂದರೆ ನಮ್ಮಲ್ಲಿ ಮನಸ್ಸಿಗೆ ನೋವಾಗುವುದು ಬೇರೆಯವರ ಮಾತಿನಿಂದ. ಅನುಭವ ಇರುವ ಡಾಕ್ಟರುಗಳು ಇಲ್ಲಿಂದ ಶುರು ಮಾಡುವುದೇ ಇಲ್ಲ. ಮನೆಯವರನ್ನು ಔಷಧಿ ತರಲು ಕಳಿಸಿ, ಸ್ಟೂಲ್ ಎಳೆದುಕೊಂಡು ಕೂತು ಕೇಳುತ್ತಾರೆ: ‘ಊಟ ಸೇರುತ್ತೇನಮ್ಮಾ? ರಾತ್ರಿ ನಿದ್ದೆ ಬರುತ್ತಾ?’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿದ್ದೆನಾ…’ ಎಂದು ಶುರು ಮಾಡುತ್ತಾಳೆ. ಕನ್ನಡದ ರೆಕಾರ್ಡರ್ ಆನ್ ಆಗಿರಬೇಕಾದದ್ದು ಅಲ್ಲಿಂದ.